ಏ. ವಾಣಿ

"ಒಬ್ಬ ದ್ಯಾವ್ರಿಗೆ ಅದೆಷ್ಟು ಎಸ್ರು ಮಡಗವ್ರೆ?"

ದೇವರ ಹೆಸರಿನ ಈ ಮಾತನ್ನು ಮುತ್ತಮ್ಮ ಯಾರನ್ನು ಕೇಳಿದಳೋ ಅವಳಿಗೇ ತಿಳಿಯದು. ಮೊರದ ತುಂಬ ಕಡಲೆಕಾಯಿ ಹಾಕಿಕೊಂಡು ಜಗಲಿಯ ಮೇಲೆ ಒಬ್ಬಳೇ ಕೂತಿದ್ದಳು. ಗಂಡ ತಿಮ್ಮಪ್ಪ ಮೆಟ್ಟೂರು ಅಣೆಕಟ್ಟಿನ ಹಿನ್ನೀರಿನ ದಡಕ್ಕೆ ಹೋಗಿದ್ದ. ಮಗಳು ವಾಣಿ ಶಾಲೆಗೆ ಹೋಗಿದ್ದಳು. ಎದುರಿನ ಹುಣಸೆ ಮರದಲ್ಲಿ ಒಂದು ಕಾಗೆಯೂ ಇರಲಿಲ್ಲ. ಕೇಳಿದ ಮಾತು ಯಾರಿಗೂ ತಾಗದೆ ತಿರುಗಿ ಬಂದು ಅವಳ ಮಡಿಲಲ್ಲೇ ಕೂತಿತು.

ಒಳಗೆ ಗೋಡೆಯ ಗೂಡಿನಲ್ಲಿ, ದೀಪದೆಣ್ಣೆಯ ಸೀಸೆಯ ಕೆಳಗೆ, ಒಂದು ಕಾಗದವಿತ್ತು. ಮುತ್ತಮ್ಮನಿಗೆ ಅಕ್ಷರ ಬಾರದು. ಆದರೂ ಅದರಲ್ಲಿ ಏನಿದೆ ಎಂಬುದು ಅವಳಿಗೆ ಓದಿದವರಿಗಿಂತ ಚೆನ್ನಾಗಿ ಗೊತ್ತಿತ್ತು. ಹತ್ತನೆಯ ಕ್ಲಾಸಿನ ಪರೀಕ್ಷೆಗೆ ಕೂರುವ ಮಕ್ಕಳ ಪಟ್ಟಿ ಬರುವ ಶುಕ್ರವಾರ ಸೇಲಂಗೆ ಹೋಗುತ್ತದೆ. ಅದಕ್ಕೆ ಮೊದಲು ಹೆತ್ತವರು ಶಾಲೆಗೆ ಬಂದು ಮಗುವಿನ ಹೆಸರು, ಹುಟ್ಟಿದ ದಿನ, ತಂದೆಯ ಹೆಸರು ಸರಿಯಾಗಿದೆಯೇ ಎಂದು ನೋಡಬೇಕು. ಪಟ್ಟಿಯಲ್ಲಿ ಇದ್ದದ್ದೇ ಸರ್ಟಿಫಿಕೇಟಿನಲ್ಲಿ ಬರುತ್ತದೆ, ಸರ್ಟಿಫಿಕೇಟಿನಲ್ಲಿ ಬಂದದ್ದು ಆ ಮಗುವಿನ ಆಯುಷ್ಯ ಇರುವವರೆಗೂ ಇರುತ್ತದೆ. ಕಾಗದದಲ್ಲಿ ವಿದ್ಯಾರ್ಥಿನಿಯ ಹೆಸರು ಏ. ವಾಣಿ ಎಂದಿತ್ತು. ತಂದೆಯ ಹೆಸರು ಏಳುಮಲೈ.

ಆ ಮನೆಯಲ್ಲಿ ಏಳುಮಲೈ ಎಂಬವನು ಯಾರೂ ಇರಲಿಲ್ಲ.

ಕಾಗದ ತಂದವರು ಮೇನಕಾ ಟೀಚರು. ಧರ್ಮಪುರಿಯ ತಮಿಳರು, ಈ ಶಾಲೆಗೆ ಬಂದು ಒಂದೂವರೆ ವರ್ಷವಾಗಿತ್ತು. ಭಾನುವಾರ ಬಂತೆಂದರೆ ಕೊಡೆ ಹಿಡಿದು, ಕೊಳತ್ತೂರಿನ ಬಸ್ಸಿನಿಂದ ಇಳಿದು, ಕನ್ನಡ ಮಾತಾಡುವ ಕೇರಿಗಳಲ್ಲಿ ಮನೆ ಮನೆ ಹತ್ತಿ ಇಳಿಯುವುದು ಅವರೇ ಹಚ್ಚಿಕೊಂಡ ಕೆಲಸ. ಇಲ್ಲಿನವರು ಮಕ್ಕಳನ್ನು ತಲೆಗೆ ಎಣ್ಣೆ ಹಚ್ಚಿ ಬಾಚಿ ಕಳಿಸುತ್ತಾರೆ, ತಾವು ಮಾತ್ರ ಗೇಟಿನ ಆಚೆಯೇ ನಿಲ್ಲುತ್ತಾರೆ ಎಂಬುದು ಅವರ ದೂರು. ತಮಿಳು ಓದಲು ಬಾರದಿದ್ದರೇನು, ಇವತ್ತು ಏನು ಕಲಿತೆ ಎಂದು ಮಗುವನ್ನು ಕೇಳಲು ಬಾಯಿ ಇಲ್ಲವೇ ಎನ್ನುತ್ತಿದ್ದರು. ಪಕ್ಕದ ಮನೆಯ ಲಕ್ಷ್ಮಕ್ಕ ಅವರನ್ನು ಕಂಡರೆ ಸಾಕು, "ವೋಟು ಕೇಳೋರು ಐದು ವರ್ಷಕ್ಕೊಂದು ಸಲ ಬತ್ತಾರೆ, ಈವಮ್ಮ ವಾರಕ್ಕೊಂದು ಸಲ," ಎಂದು ನಗುತ್ತಿದ್ದಳು. ನಗುತ್ತಲೇ ಒಳಗೆ ಹೋಗಿ ಮಜ್ಜಿಗೆ ತಂದುಕೊಡುತ್ತಿದ್ದಳು.

ಆ ಭಾನುವಾರ ತಿಮ್ಮಪ್ಪ ಅಂಗಳದಲ್ಲಿ ಬಿದಿರು ಸೀಳುತ್ತ ಕೂತಿದ್ದ. ಹರಿಗೋಲು ಹೆಣೆಯುವುದು ಅವನ ಕೆಲಸ. ಹಿನ್ನೀರಿನಲ್ಲಿ ಬಲೆ ಬೀಸುವವರೆಲ್ಲ ಪರಿಸಲ್ ಎಂದು ಕರೆಯುವ ಆ ದುಂಡನೆಯ ದೋಣಿಗೆ ಬಿದಿರ ಸೀಳು ಹೆಣೆದು, ಗೋಣಿ ಸುತ್ತಿ, ಟಾರು ಬಳಿದು ಕೊಡುತ್ತಿದ್ದ. ಟೀಚರನ್ನು ಕಂಡು ಕತ್ತಿ ಕೆಳಗಿಟ್ಟು, ಎದ್ದು ನಿಂತು ಕೈ ಮುಗಿದ. ಹಣೆಯ ಮೇಲೆ ನಾಮವಿತ್ತು, ಉಗುರಿನ ಸಂದಿಯಲ್ಲಿ ಟಾರು. ನಿಮ್ಮ ಮಗಳು ಪ್ರತಿ ವರ್ಷವೂ ಮೊದಲನೆಯವಳಾಗಿ ಬರುತ್ತಿದ್ದಾಳೆ, ಹತ್ತು ವರ್ಷದಲ್ಲಿ ನೀವು ಒಂದು ದಿನವಾದರೂ ಶಾಲೆಗೆ ಬಂದಿದ್ದೀರಾ ಎಂದು ಟೀಚರು ಕೇಳಿದರು. ವಾಣಿಯನ್ನು ಯಾರು ಹೊಗಳಿದರೂ ಮಾಡುವ ಹಾಗೆ ಅವನು ಬಲಗೈ ಎತ್ತಿ ಮೇಲಕ್ಕೆ ತೋರಿಸಿ, "ಎಲ್ಲಾ ಅವನ್ದು ತಾಯಿ," ಎಂದ.

ಟೀಚರಿಗೆ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ತಾವು ಕಲಿತಿದ್ದ ಅರೆಬರೆ ಕನ್ನಡದಲ್ಲಿ, "ಪೆರುಮಾಳ್ ಬಂದು ರುಜು ಹಾಕ್ತಾರಾ ಅಯ್ಯಾ? ನೀವೇ ಬರಬೇಕು," ಎಂದರು.

ತಿಮ್ಮಪ್ಪ ತಲೆ ತಗ್ಗಿಸಿ ನಿಂತೇ ಇದ್ದ. ಅವರು ಬೀದಿಯ ತಿರುವು ದಾಟಿದ ಮೇಲೆ ಮತ್ತೆ ಕೂತು ಬಿದಿರು ಕೈಗೆತ್ತಿಕೊಂಡ. ಮುತ್ತಮ್ಮ ಬಾಗಿಲ ಮರೆಯಲ್ಲೇ ನಿಂತಿದ್ದಳು. ವಾಣಿ ಒಳಗೆ ಕಾಗದವನ್ನು ಓದಿ ಸೀಸೆಯ ಕೆಳಗಿಟ್ಟಳು. ಅವ್ವ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಐದು ವರ್ಷದಿಂದ ಬಚ್ಚಿಟ್ಟದ್ದು ಇನ್ನು ಐದೇ ದಿನ.

ಅದು ಆದದ್ದು ಹೀಗೆ. ವಾಣಿಯನ್ನು ಮೊದಲನೆಯ ಕ್ಲಾಸಿಗೆ ಸೇರಿಸಿದ್ದು ಎಂಬತ್ತಾರರ ಜೂನಿನಲ್ಲಿ. ತಿಮ್ಮಪ್ಪ ಆ ವಾರ ಹೊಳೆಯ ಮೇಲ್ಗಡೆ ಹರಿಗೋಲು ಕಟ್ಟಲು ಹೋಗಿದ್ದ. ಮುತ್ತಮ್ಮನೇ ಮಗುವಿನ ಕೈ ಹಿಡಿದು ಎರಡು ಮೈಲಿ ನಡೆದಳು. ಆಗಿನ ಹೆಡ್‌ಮಾಸ್ಟರು ಸುಬ್ಬರಾಯನ್, ವಯಸ್ಸಾದವರು, ಒಳ್ಳೆಯವರು. ಮಗುವಿನ ಹೆಸರು ಬರೆದುಕೊಂಡು, "ಅಪ್ಪಾ ಪೇರು?" ಎಂದರು.

ಮುತ್ತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದರೆ ಅವನ ಆಯುಷ್ಯ ಸವೆಯುತ್ತದೆ ಎಂದು ಮದುವೆಯಾದ ವಾರವೇ ಅತ್ತೆ ಹೇಳಿಕೊಟ್ಟಿದ್ದಳು. ಮುತ್ತಮ್ಮ ಗಂಡನನ್ನು ಬಿಡು, ದೇವರನ್ನು ಕೂಡ ಆ ಹೆಸರಿನಿಂದ ಕರೆದವಳಲ್ಲ. ತಿರುಪತಿಯ ತಿಮ್ಮಪ್ಪ ಅವಳ ಬಾಯಲ್ಲಿ ಶನಿವಾರದ ಸ್ವಾಮಿ. ಹೆಡ್‌ಮಾಸ್ಟರು ಮತ್ತೆ ಕೇಳಿದರು. ಅವಳು ನೆಲ ನೋಡಿದಳು. ಐದು ವರ್ಷದ ವಾಣಿಗೆ ಅವ್ವ ಯಾಕೆ ಸುಮ್ಮನಿದ್ದಾಳೆಂದು ತಿಳಿಯದೆ, ಮಗು ಸೀರೆ ಜಗ್ಗಿ ಜಗ್ಗಿ, "ಏಳವ್ವಾ, ಏಳು," ಎಂದಿತು.

ಆ ಸೀಮೆಯ ನಾಲಗೆಯಲ್ಲಿ ಹಕಾರ ನಿಲ್ಲುವುದಿಲ್ಲ. ಹೋಗು ಎಂಬುದು ಓಗು, ಹೇಳು ಎಂಬುದು ಏಳು. ಹೇಳವ್ವಾ ಎಂದು ಮಗು ಕೇಳಿಕೊಳ್ಳುತ್ತಿತ್ತು. ಹೆಡ್‌ಮಾಸ್ಟರ ತಮಿಳು ಕಿವಿಗೆ ಅದು ಲೆಕ್ಕದ ಏಳಾಗಿ ಕೇಳಿಸಿತು. ಅಷ್ಟರಲ್ಲಿ ಮುತ್ತಮ್ಮ ಧೈರ್ಯ ಮಾಡಿ, ಕಿಟಕಿಯಾಚೆಯ ಗುಡ್ಡಗಳ ಕಡೆ ಕೈ ತೋರಿಸಿ, "ಮಲೆ ಮ್ಯಾಗ್ಲ ಸ್ವಾಮಿ ಎಸ್ರೇ," ಎಂದಳು. ಗಂಡನ ಹೆಸರು ಹೇಳದ ನೂರಾರು ಹೆಂಗಸರ ಒಗಟು ಬಿಡಿಸಿದ್ದ ಅವರು ಇದನ್ನೂ ಬಿಡಿಸಿದರು. ಏಳು, ಮಲೆ. "ಏಳುಮಲೈಯಾ?" ಎಂದರು. ಆ ಕಡೆ ತಮಿಳರಲ್ಲಿ ಬೀದಿಗೊಬ್ಬ ಏಳುಮಲೈ ಇದ್ದಾನೆ.

ಮುತ್ತಮ್ಮ ಹೂಂ ಎಂದು ತಲೆಯಾಡಿಸಿದಳು. ಅವಳೇನು ಮೋಸ ಮಾಡಬೇಕೆಂದು ಆಡಿಸಲಿಲ್ಲ. ಶಾಲೆಯೊಳಗೆ ಹೋದರೆ ಮಾತೆಲ್ಲ ತಮಿಳಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹಾಲು ಹೋಗಿ ಪಾಲ್ ಆಗುತ್ತದೆ, ಹುಲಿ ಪುಲಿ ಆಗುತ್ತದೆ, ಹಲ್ಲು ಪಲ್ ಆಗುತ್ತದೆ. ಹಾಗೆಯೇ ತನ್ನ ಗಂಡನ ಹೆಸರು ತಮಿಳಿನಲ್ಲಿ ಏಳುಮಲೈ ಆಗುತ್ತದೆ ಎಂದುಕೊಂಡಳು. ಅದೇ ದೇವರು, ಅದೇ ಏಳು ಬೆಟ್ಟ. ಆಯುಷ್ಯಕ್ಕೆ ಕುಂದಿಲ್ಲದೆ ಕೆಲಸವಾಯಿತಲ್ಲ ಎಂದು ದಾರಿಯುದ್ದಕ್ಕೂ ಸಮಾಧಾನದಿಂದ ನಡೆದು ಬಂದಳು.

ತಂದೆಯ ಹೆಸರಿನ ಮೊದಲ ಅಕ್ಷರ ಮಗುವಿನ ಹೆಸರಿನ ಮುಂದೆ ಕೂರುವುದು ಆ ಕಡೆಯ ವಾಡಿಕೆ. ಹಾಗಾಗಿ ವಾಣಿ ಶಾಲೆಯಲ್ಲಿ ಏ. ವಾಣಿ ಆದಳು. ಹಾಜರಿ ಕೂಗುವಾಗ ಅಪ್ಪನೇ ಕರೆದ ಹಾಗೆ ಕೇಳಿಸುತ್ತದೆ ಎಂದು ಚಿಕ್ಕವಳಿದ್ದಾಗ ಮನೆಗೆ ಬಂದು ನಗುತ್ತಿದ್ದಳು. ನಿಜವೇ. ತಿಮ್ಮಪ್ಪ ದಡದಿಂದ ಬರುತ್ತ ಹುಣಸೆ ಮರದ ಹತ್ತಿರವೇ, "ಏ ವಾಣೀ," ಎಂದು ಕೂಗುತ್ತಿದ್ದ. ಮಗು ಓಡುತ್ತಿತ್ತು. ಆಮೇಲೆ ಯಾವಾಗಲೋ, ಅವಳು ನಾಲ್ಕನೆಯ ಕ್ಲಾಸಿನಲ್ಲಿದ್ದಾಗ ಇರಬೇಕು, ಆ ಏ ಬಿಟ್ಟುಹೋಯಿತು. ವಾಣಮ್ಮ ಎನ್ನತೊಡಗಿದ, ತಾಯಿ ಎನ್ನತೊಡಗಿದ. ಒಮ್ಮೆಯೂ ಗದರಲಿಲ್ಲ. ಮಗಳು ದೊಡ್ಡವಳಾಗುತ್ತಿದ್ದಾಳೆ, ಮರ್ಯಾದೆ ಕೊಡುತ್ತಿದ್ದಾನೆ ಎಂದು ಮುತ್ತಮ್ಮ ಅಂದುಕೊಂಡಳು.

ಐದನೆಯ ಕ್ಲಾಸಿನಲ್ಲಿ ವಾಣಿ ರೇಷನ್ ಕಾರ್ಡು ಓದಿದಳು. ಕಾರ್ಡಿನಲ್ಲಿ ತಿಮ್ಮಪ್ಪನ್ ಅಂತ ಇದೆಯಲ್ಲ, ಹಾಗಾದರೆ ಶಾಲೆಯ ಏಳುಮಲೈ ಯಾರು ಎಂದಳು. ಎರಡೂ ಒಂದೇ ದೇವರು, ಬಾಯಿ ಮುಚ್ಚಿಕೊಂಡು ಓದು ಎಂದಳು ಮುತ್ತಮ್ಮ. ಅಂದಳೇ ಹೊರತು ಆ ದಿನದಿಂದ ಅವಳಿಗೆ ಅದೇ ಯೋಚನೆ. ಸರಕಾರದ ಕಾರ್ಡಿನಲ್ಲೇ ತಮಿಳಾಗದ ಹೆಸರು ಶಾಲೆಯಲ್ಲಿ ಮಾತ್ರ ಯಾಕೆ ತಮಿಳಾಯಿತು? ಸುಬ್ಬರಾಯನ್ ಆಗಲೇ ಬೇರೆ ಊರಿಗೆ ಹೋಗಿಬಿಟ್ಟಿದ್ದರು. ಗಂಡನಿಗೆ ಏನೆಂದು ಹೇಳುವುದು? ನಿಮ್ಮ ಮಗಳಿಗೆ ಬೇರೊಬ್ಬ ಗಂಡಸನ್ನು ಅಪ್ಪ ಎಂದು ಬರೆಸಿ ಬಂದೆ ಎಂದೇ?

ಅವಳು ಹೇಳಲಿಲ್ಲ. ಪ್ರೋಗ್ರೆಸ್ ಕಾರ್ಡಿಗೆ ತಾನೇ ಹೆಬ್ಬೆಟ್ಟು ಒತ್ತಿ ಕಳಿಸಿದಳು. ಹೆತ್ತವರ ಸಭೆ ಎಂದು ಶಾಲೆಯಿಂದ ಕರೆ ಬಂದರೆ ಅಲ್ಲಿಗೆ ಗಂಡಸರನ್ನು ಕರೆಯುವುದಿಲ್ಲ ಎಂದಳು. ಹೆಸರು ಕೂಗಿಬಿಟ್ಟಾರೆಂದು ತಾನೂ ಹೋಗಲಿಲ್ಲ. ತಿಮ್ಮಪ್ಪ ಒಂದು ಸಲವೂ, ನಾನು ಬರಲಾ ಎಂದು ಕೇಳಲಿಲ್ಲ. ಕೇಳದೆ ಇದ್ದದ್ದು ಅವಳಿಗೆ ನೆಮ್ಮದಿಯಾಗಿತ್ತು. ಒಳಗೊಳಗೆ, ಹೆತ್ತ ಮಗಳ ಶಾಲೆ ಯಾವ ದಿಕ್ಕಿಗಿದೆ ಎಂದೂ ಕೇಳದ ಗಂಡಸು ಇವನು ಎಂಬ ಸಣ್ಣ ಸಿಟ್ಟೂ ಇತ್ತು.

ಹಾಗೆಂದು ಅವನು ಮಗಳ ಓದನ್ನು ಕೇಳದವನಲ್ಲ. ಕೇಳುವುದೊಂದೇ ಅವನಿಗೆ ಬರುತ್ತಿದ್ದದ್ದು. ಅವನ ಅಪ್ಪ ಶನಿವಾರ ಶನಿವಾರ ಭಾರತದ ಪದ್ಯಗಳನ್ನು ರಾಗವಾಗಿ ಹೇಳುತ್ತಿದ್ದವನು. ಅಕ್ಷರ ಒಂದೂ ಬಾರದ ತಿಮ್ಮಪ್ಪನಿಗೆ ನೂರಾರು ಪದ್ಯ ಕಿವಿಯಿಂದಲೇ ಬಂದಿದ್ದವು. ಸಂಜೆ ದೀಪ ಹಚ್ಚಿದ ಮೇಲೆ ವಾಣಿ ತಮಿಳು ಪದ್ಯ ಬಾಯಿಪಾಠ ಮಾಡಲು ಕೂತರೆ, ಅವನು ಹೊಸ್ತಿಲಾಚೆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಒಳಗೆ ನೋಡುತ್ತಿರಲಿಲ್ಲ. ಬೆರಳು ಮಂಡಿಯ ಮೇಲೆ ತಾಳ ಹಾಕುತ್ತಿತ್ತು. ಎಲ್ಲಾದರೂ ತಾಳ ನಿಂತರೆ, "ಅಲ್ಲೊಂದು ಬಿಟ್ಟೆ ನೋಡು ತಾಯಿ," ಎನ್ನುತ್ತಿದ್ದ. ವಾಣಿ ಪುಸ್ತಕ ತೆರೆದು ನೋಡಿದರೆ ಅಲ್ಲಿ ಒಂದು ಪದ ಬಿಟ್ಟುಹೋಗಿರುತ್ತಿತ್ತು. ಆ ಮಗು ಮೊದಲನೆಯವಳಾಗಿ ಬರುವುದರಲ್ಲಿ ಈ ತಾಳದ ಪಾಲೆಷ್ಟು ಎಂದು ಯಾವ ಕಾರ್ಡಿನಲ್ಲೂ ಬರೆದಿರಲಿಲ್ಲ.

ಬುಧವಾರ ಮುತ್ತಮ್ಮ ಶಾಲೆಗೆ ಹೊರಟಳು. ಗಂಡನಿಗೆ ತಿಳಿಯುವ ಮೊದಲೇ ಎಲ್ಲ ಸರಿಮಾಡಿ ಬಂದುಬಿಟ್ಟರೆ ಹೇಳುವ ಪ್ರಮೇಯವೇ ಇರದಲ್ಲ ಎಂಬ ಆಸೆ. ರೇಷನ್ ಕಾರ್ಡನ್ನು ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡು ನಡೆದಳು. ಗೇಟಿನ ಹತ್ತಿರ ಕಾಲು ತಡೆಯಿತು. ಆಗ ಎಂಟರವರೆಗೆ ಇದ್ದ ಶಾಲೆ ಈಗ ಹತ್ತರವರೆಗೆ ಬೆಳೆದು ಹೊಸ ಕಟ್ಟಡವಾಗಿತ್ತು. ಮೇನಕಾ ಟೀಚರು ಕ್ಲಾಸಿನ ಕಿಟಕಿಯಿಂದ ನೋಡಿ ಸೀಮೆಸುಣ್ಣ ಕೈಯಲ್ಲೇ ಹಿಡಿದು ಓಡಿಬಂದರು. ಈ ಕೇರಿಯಿಂದ ತಾನಾಗಿ ಬಂದ ಮೊದಲ ತಾಯಿ ನೀನು ಎಂದು ಅವಳ ಕೈ ಹಿಡಿದುಕೊಂಡರು. ವಿಷಯ ಕೇಳಿದ ಮೇಲೆ ಹಿಡಿದ ಕೈ ಬಿಡದೆ ಹೆಡ್‌ಮಾಸ್ಟರ ಕೋಣೆಗೆ ಕರೆದುಕೊಂಡು ಹೋದರು.

ಈಗಿನ ಹೆಡ್‌ಮಾಸ್ಟರು ರಿಜಿಸ್ಟರು ತರಿಸಿದರು. ಹಳೆಯ ಶಾಯಿಯಲ್ಲಿ ಸುಬ್ಬರಾಯನ್ ಅವರ ದುಂಡನೆಯ ಬರಹ. ಹಾಗಾದರೆ ಹುಡುಗಿಯ ತಂದೆಯ ಹೆಸರೇನು, ಬಾಯಿಬಿಟ್ಟು ಹೇಳಿ ಎಂದರು. ಮುತ್ತಮ್ಮ ಚೀಲದಿಂದ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. ಕಾರ್ಡು ಆಮೇಲೆ, ಮೊದಲು ನೀವು ಹೇಳಬೇಕು ಎಂದರು. ಟೀಚರು ಅವಳ ಬೆನ್ನ ಮೇಲೆ ಕೈಯಿಟ್ಟರು.

ಇಪ್ಪತ್ತು ವರ್ಷದ ಸಂಸಾರದಲ್ಲಿ ಆ ಹೆಸರು ಅವಳ ಗಂಟಲು ದಾಟಿರಲಿಲ್ಲ. ಅವನಿಗೆ ಬರುವ ಕೇಡು ನನಗೆ ಬರಲಿ ಎಂದು ಮನಸ್ಸಿನಲ್ಲೇ ಶನಿವಾರದ ಸ್ವಾಮಿಗೆ ಮುಡಿಪು ಕಟ್ಟಿ, ಕಣ್ಣು ಮುಚ್ಚಿಕೊಂಡು, "ತಿಮ್ಮಪ್ಪ," ಎಂದಳು. ಯಾರಿಗೂ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಎಂದಳು. ಆಮೇಲೆ ತಾನಾಗಿಯೇ ಅವಳ ಕೈ ಬಾಯಿಯನ್ನು ಮುಚ್ಚಿತು.

ಹೆಡ್‌ಮಾಸ್ಟರು ಕಾರ್ಡಿನೊಂದಿಗೆ ತಾಳೆ ನೋಡಿದರು. ಸರಿಯಾಗಿತ್ತು. ಪೆನ್ನಿನ ಮುಚ್ಚಳ ತೆಗೆದು, ಏನೋ ಯೋಚಿಸಿ, ಮತ್ತೆ ಹಾಕಿದರು. ಅವರು ಕೆಟ್ಟವರಲ್ಲ. ನಿಧಾನವಾಗಿ, ಟೀಚರು ಅವಳಿಗೆ ತಿಳಿಸಿ ಹೇಳಲಿ ಎಂದು ಬಿಟ್ಟು ಬಿಟ್ಟು ಮಾತಾಡಿದರು. ಹತ್ತು ವರ್ಷ ಒಂದು ಹೆಸರಿದ್ದ ಜಾಗದಲ್ಲಿ ಇನ್ನೊಂದು ಹೆಸರು ಬರೆಯಬೇಕು. ಗಂಡ ಬದುಕಿದ್ದಾನೆ, ಊರಲ್ಲೇ ಇದ್ದಾನೆ. ಬರೀ ಹೆಂಡತಿಯ ಮಾತಿನ ಮೇಲೆ ಅಪ್ಪನ ಹೆಸರು ಹೊಡೆದು ಬೇರೆ ಅಪ್ಪನ ಹೆಸರು ಬರೆದರೆ ನಾಳೆ ನಾಲ್ಕು ಜನ ಏನೆಂದಾರು, ನಿಮ್ಮ ಮರ್ಯಾದೆಗೇ ಹೇಳುತ್ತಿದ್ದೇನೆ ಎಂದರು. ನಿಮ್ಮ ಮನೆಯವರು ಬಂದು ನನ್ನ ಮುಂದೆ ನಿಂತು, ಇವಳು ನನ್ನ ಮಗಳು ಎಂದು ಹೇಳಲಿ, ಐದು ನಿಮಿಷದ ಕೆಲಸ. ಶುಕ್ರವಾರ ನಾಲ್ಕು ಗಂಟೆಯವರೆಗೆ ಪಟ್ಟಿ ನನ್ನ ಮೇಜಿನ ಮೇಲಿರುತ್ತದೆ.

ಮುತ್ತಮ್ಮ ಹೊರಗೆ ಬಂದು ಗಂಟೆ ಕಟ್ಟಿದ್ದ ಬೇವಿನ ಮರದ ಬುಡದಲ್ಲಿ ಕೂತುಬಿಟ್ಟಳು. ಗಂಟೆ ಹೊಡೆಯುವ ಮುನಿಸ್ವಾಮಿ ಚೊಂಬಿನಲ್ಲಿ ನೀರು ತಂದುಕೊಟ್ಟ. ನಲ್ಲಂಪಳ್ಳಿ ಕಡೆಯವನು, ಮನೆಮಾತು ಕನ್ನಡ. ಏನಕ್ಕಾ ಸಮಾಚಾರ ಎಂದು ವಿಚಾರಿಸಿದ. ತನ್ನ ಮಾತೇ ಕಿವಿಗೆ ಬಿದ್ದದ್ದು ಎಷ್ಟು ಹಿತವಾಯಿತೆಂದರೆ ಅವಳು ಎಲ್ಲವನ್ನೂ ಹೇಳಿಬಿಟ್ಟಳು. ಅವನು ಕೇಳುತ್ತ ಕೇಳುತ್ತ ಕುಕ್ಕರುಗಾಲಿನಲ್ಲಿ ಕೂತ.

"ಅಕ್ಕಾ, ನಿಮ್ಮ ಮನೇವ್ರು ಪರಿಸಲ್ ಕಟ್ಟೋರಾ? ಅಣೇಲಿ ನಾಮ ಇಕ್ಕಂತಾರಾ?"

ಅವಳು ಹೂಂ ಎಂದಳು.

ಮುನಿಸ್ವಾಮಿ ಸ್ವಲ್ಪ ಹೊತ್ತು ಮಣ್ಣಿನ ಮೇಲೆ ಕಡ್ಡಿಯಿಂದ ಗೀರಿದ. ಆಮೇಲೆ ಹೇಳಿದ. ಆರು ವರ್ಷದ ಹಿಂದೆ, ಅವನು ಕೆಲಸಕ್ಕೆ ಸೇರಿದ ಹೊಸತು. ಊರಿನವರ ಮುಖ ಗೊತ್ತಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಬಹುಮಾನ ಕೊಡುವ ದಿನ, ಹೆತ್ತವರನ್ನೆಲ್ಲ ಕರೆದಿದ್ದರು. ಗೇಟಿನಲ್ಲಿ ಪಟ್ಟಿ ಹಿಡಿದು ಅವನನ್ನು ನಿಲ್ಲಿಸಿದ್ದರು. ಒಗೆದ ಪಂಚೆ ಉಟ್ಟ ಒಬ್ಬರು ಬಂದರು, ಕೈಯಲ್ಲಿ ಬಟ್ಟೆಯ ಗಂಟು. ವಾಣಿಯ ಅಪ್ಪ, ತಿಮ್ಮಪ್ಪ ಎಂದರು. ಇವನು ಪಟ್ಟಿ ನೋಡಿ, ವಾಣಿಯ ಅಪ್ಪ ಏಳುಮಲೈ ಅಂತ ಇದೆಯಲ್ಲ, ನೀವು ಯಾರು ಎಂದ. ಹಿಂದೆ ಜನ ನೂಕುತ್ತಿದ್ದರು.

"ಇನ್ನೊಂದು ಸಲ ಓದಪ್ಪಾ ಅಂದ್ರು. ಓದ್ದೆ. ಇನ್ನೊಂದು ಸಲ ಅಂದ್ರು. ಅದ್ನೂ ಓದ್ದೆ. ಆಮ್ಯಾಕೆ, ನಾನು ಗುರ್ತಿನೋನು ಕಣಪ್ಪಾ, ಊರಿನೋನು, ಇದ್ನ ಮಗೀಗೆ ಕೊಟ್ಬುಡು ಅಂದು ಗಂಟು ನನ್ನ ಕೈಗಿಟ್ಟು ಓಗ್ಬುಟ್ರು. ಉರಿದ ಕಡ್ಲೆಕಾಯಿ. ಇನ್ನೂ ಬಿಸಿ ಇತ್ತು."

ಮಗು, ಯಾರು ಕೊಟ್ಟರು ಎಂದು ಕೇಳಿತ್ತು. ಯಾರೋ ಗುರುತಿನವರು ಎಂದು ಮುನಿಸ್ವಾಮಿ ಹೇಳಿದ್ದ.

ಹಿಂದಿರುಗುವ ದಾರಿಯಲ್ಲಿ ಮುತ್ತಮ್ಮನಿಗೆ ಕಾಲ ಕೆಳಗಿನ ಮಣ್ಣೂ ಕಾಣಲಿಲ್ಲ. ಅವನು ಬಂದಿದ್ದ. ಕಡಲೆಕಾಯಿ ತಾನೇ ಹುರಿದುಕೊಂಡು, ಒಗೆದ ಪಂಚೆ ಉಟ್ಟು ಬಂದಿದ್ದ. ಇವಳು ಐದು ವರ್ಷ ಸುಳ್ಳು ಹೇಳಿ ಹೇಳಿ ಮುಚ್ಚಿದ ಬಾಗಿಲಿನಿಂದ ಅವನು ಅದಕ್ಕೂ ಮೊದಲೇ ತಿರುಗಿ ಹೋಗಿದ್ದ. ಆ ಸಂಜೆ, ಟಾರು ತರಲು ಕೊಳತ್ತೂರಿಗೆ ಹೋಗಿದ್ದೆ ಎಂದಿದ್ದ. ಒದ್ದೆ ಪಂಚೆಯಲ್ಲೇ ಮನೆಗೆ ಬಂದಿದ್ದ. ಇವಳು ಒದ್ದೆ ಯಾಕೆ ಎಂದು ಕೂಡ ಕೇಳಿರಲಿಲ್ಲ.

ಮನೆಗೆ ಬಂದಾಗ ಬಿಸಿಲು ಇಳಿದಿತ್ತು. ತಿಮ್ಮಪ್ಪ ಅಂಗಳದಲ್ಲಿ ಹೊಸ ಹರಿಗೋಲನ್ನು ಬೋರಲು ಹಾಕಿ, ಕಾಯಿಸಿದ ಟಾರನ್ನು ಬಟ್ಟೆಯಲ್ಲಿ ಅದ್ದಿ ಬಳಿಯುತ್ತಿದ್ದ. ಅವಳು ಚೀಲ ಕೆಳಗಿಡದೆ, ಅವನ ಬೆನ್ನ ಹಿಂದೆ ನಿಂತು ಕೇಳಿದಳು.

"ನೀವು ಸ್ಕೂಲಿನ ಗೇಟ್ ತಾವ ಓಗಿದ್ರಾ?"

ಬಳಿಯುತ್ತಿದ್ದ ಕೈ ನಿಂತಿತು. ಯಾರು ಹೇಳಿದರು ಎಂದ. ಮುನಿಸ್ವಾಮಿ ಎಂದಳು.

"ಒಳ್ಳೆ ಮನ್ಸ," ಎಂದು ತಿಮ್ಮಪ್ಪ ಮತ್ತೆ ಬಟ್ಟೆ ಅದ್ದಿದ. "ಕಡ್ಲೆಕಾಯಿ ಕೊಟ್ಟನಂತಾ ಮಗೀಗೆ?"

ಆರು ವರ್ಷದಿಂದ ಅವನು ಕೇಳದೆ ಇಟ್ಟುಕೊಂಡಿದ್ದ ಪ್ರಶ್ನೆ ಅದೊಂದೇ ಎಂಬಂತೆ ಕೇಳಿದ. ಮುತ್ತಮ್ಮನಿಗೆ ಅಳು ಒತ್ತರಿಸಿ ಬಂತು. ಅಳುತ್ತಲೇ ಎಲ್ಲ ಹೇಳಿದಳು. ಬೇಕೆಂದು ಬರೆಸಿದ್ದಲ್ಲ, ನಿಮ್ಮ ಹೆಸರು ಬಾಯಲ್ಲಿ ತರಬಾರದೆಂದು ಬೆಟ್ಟ ತೋರಿಸಿದೆ, ಮಗು ಏಳು ಏಳು ಎಂದಿತು, ಅವರು ಎರಡನ್ನೂ ಕೂಡಿಸಿ ಬರೆದುಕೊಂಡರು. ಇವತ್ತು ಆ ಹೆಸರನ್ನು ಹೇಳಿಯೂ ಬಂದೆ, ಹೇಳಿದರೂ ಕೆಲಸವಾಗಲಿಲ್ಲ, ನೀವೇ ಬರಬೇಕಂತೆ.

ತಿಮ್ಮಪ್ಪ ಕೈ ಒರೆಸಿಕೊಂಡು ಹರಿಗೋಲಿನ ಪಕ್ಕದಲ್ಲಿ ಕೂತ. ಅವನು ಅಷ್ಟು ಮಾತಾಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ.

"ಮೊದ್ಲು ನಿನ್ನ ಮ್ಯಾಗೆ ಸಿಟ್ಟು ಬಂತು. ನನ್ನನ್ನ ಮಗೀಗೆ ಅಪ್ಪ ಅಂತ ಏಳ್ಕೊಳಾಕೆ ನಾಚ್ಕೆ ಆಗಿ ಬ್ಯಾರೆ ಎಸ್ರು ಕೊಟ್ಟವ್ಳೆ ಅಂದ್ಕಂಡೆ. ನೀರಿನ ತಾವ ಓಗಿ ಕೂತ್ಕಂಡೆ. ಆಮ್ಯಾಕೆ ಯೋಚ್ನೆ ಬಂತು. ಮೂರು ಸಲ ಓದ್ಸಿದ್ದೀನಿ, ಮೂರು ಸಲಾನೂ ಏಳು ಬೆಟ್ಟದವ್ನ ಎಸ್ರೇ ಬಂತು. ಇದು ನೀನು ಬರ್ಸಿದ್ದಲ್ಲ, ಅವ್ನೇ ಬರ್ಸ್ಕಂಡವ್ನೆ."

ಅವನು ನೀರಿಗಿಳಿದಿದ್ದ. ಎದೆಮಟ್ಟದ ನೀರಿನಲ್ಲಿ ನಿಂತು ಏಳು ಬೆಟ್ಟದವನಿಗೆ ಮಾತು ಕೊಟ್ಟಿದ್ದ. ನಾನು ಅಕ್ಷರವಿಲ್ಲದ ಅಪ್ಪ, ಓದುವ ದಾರಿಯಲ್ಲಿ ಇವಳ ಕೈ ಹಿಡಿಯಲು ನನ್ನಿಂದಾಗದು. ನಿನ್ನ ಹೆಸರು ಬಿದ್ದಿದೆ, ನೀನೇ ಹಿಡಿದುಕೋ. ಇನ್ನು ನಾನು ಆ ಗೇಟು ತುಳಿಯುವುದಿಲ್ಲ. ನನ್ನ ಮಗಳು ಎಂದು ಬಾಯಲ್ಲಿ ಅನ್ನುವುದಿಲ್ಲ. ಮೂರು ಮುಳುಗು ಹಾಕಿ ಎದ್ದು ಬಂದಿದ್ದ.

ಮುತ್ತಮ್ಮನಿಗೆ ಒಂದೊಂದಾಗಿ ಎಲ್ಲ ನೆನಪಾಯಿತು. ಬಿಟ್ಟುಹೋದ ಆ ಏ. ತಾಯಿ ಎಂಬ ಮಾತು. ಯಾರು ಹೊಗಳಿದರೂ ಮೇಲಕ್ಕೆ ಏಳುತ್ತಿದ್ದ ಕೈ. ಅವನು ಭಕ್ತಿಯಿಂದ ಹಾಗೆ ಮಾಡುತ್ತಾನೆ ಎಂದು ಊರೆಲ್ಲ ನಂಬಿತ್ತು. ಅವನು ಬಾಯಿ ಕಟ್ಟಿಕೊಂಡಿದ್ದ.

"ಸ್ವಾಮಿ ಏನು ಬಂದು ಕೇಳಿದ್ನಾ ನಿಮ್ಮನ್ನ, ಮಗಳ್ನ ಕೊಡು ಅಂತ?" ಎಂದಳು ಅವಳು.

"ಕೇಳ್ಲಿಲ್ಲ. ನಾನೇ ಕೊಟ್ಟೆ. ಆವತ್ತಿಂದ ಒಂದು ವರ್ಷಾನಾದ್ರೂ ಅವ್ಳು ಎಲ್ಡ್ನೇವ್ಳಾಗಿ ಬಂದವ್ಳಾ, ನೀನೇ ಏಳು."

ಮೊದಲನೆಯವಳಾಗಿ ಬಂದದ್ದು ನಿಮ್ಮ ತಾಳದಿಂದ ಎಂದು ಅವಳಿಗೆ ಹೇಳಬೇಕೆನಿಸಿತು. ದೇವರ ಎದುರಿಗೆ ಹಾಗೆ ಹೇಳಬಹುದೋ ಬಾರದೋ ತಿಳಿಯಲಿಲ್ಲ.

ವಾಣಿ ಯಾವಾಗ ಬಂದಿದ್ದಳೋ, ಹುಣಸೆ ಮರದ ಹತ್ತಿರ ಪುಸ್ತಕದ ಚೀಲ ತಬ್ಬಿಕೊಂಡು ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೆಂದು ಮುಖವೇ ಹೇಳುತ್ತಿತ್ತು. ಮೆಲ್ಲಗೆ ಬಂದು, ಚೀಲ ಇಳಿಸಿ, ಅಪ್ಪನ ಎದುರಿಗೆ ನೆಲದ ಮೇಲೆ ಕೂತಳು. ಟಾರು ಮೆತ್ತಿದ ಅವನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಆ ಕಡ್ಲೆಕಾಯ್ನ ನಾನು ಯಾರ್ಗೂ ಕೊಡ್ಲಿಲ್ಲ ಅಪ್ಪಾ. ಒಬ್ಳೇ ತಿಂದೆ. ಮನೇದರ ತರಾನೇ ಐತೆ ಅನ್ಕಂಡೆ."

ತಿಮ್ಮಪ್ಪ ಕೈ ಬಿಡಿಸಿಕೊಳ್ಳಲಿಲ್ಲ.

ವಾಣಿ ಅವನಿಗೆ ತಿಳಿಯುವಂತೆ ಒಂದೊಂದೇ ಮಾತಾಗಿ ಹೇಳಿದಳು. ಈ ಪಟ್ಟಿ ಹೋದರೆ ಮುಗಿಯಿತು. ಇನ್ನು ಎಲ್ಲಿ ಓದಿದರೂ, ಯಾವ ಕೆಲಸಕ್ಕೆ ಹೋದರೂ, ಮದುವೆಯ ಕಾಗದದಲ್ಲೂ ಅಪ್ಪನ ಜಾಗದಲ್ಲಿ ಅದೇ ಹೆಸರು ಬರುತ್ತದೆ. ದೇವರ ಹೆಸರಾದರೂ ಅದು ನಿನ್ನ ಹೆಸರಲ್ಲ. ನಿನ್ನ ಹೆಸರಿನ ಒಂದು ಅಕ್ಷರವಾದರೂ ನನ್ನ ಹೆಸರಿನ ಪಕ್ಕದಲ್ಲಿ ಇರಲಿ.

"ನಾಳೆ ಒಂದು ಸಲ ಬಾ ಅಪ್ಪಾ. ಐದೇ ನಿಮ್ಷ. ಎಡ್ಮಾಸ್ಟ್ರ ಮುಂದೆ ನಿಂತ್ಕಂಡು, ಇವ್ಳು ನನ್ನ ಮಗಳು ಅಂತ ಅಷ್ಟು ಏಳು, ಸಾಕು. ಏಳಪ್ಪಾ, ಏಳು."

ಹತ್ತು ವರ್ಷದ ಹಿಂದೆ ಇದೇ ದನಿ ಮುತ್ತಮ್ಮನ ಸೀರೆ ಜಗ್ಗಿತ್ತು.

ತಿಮ್ಮಪ್ಪ ಮಗಳ ಮುಖವನ್ನು ನೋಡಿದ. ಹಾಗೆ ನೇರವಾಗಿ ನೋಡಿ ಎಷ್ಟು ವರ್ಷವಾಗಿತ್ತೋ. ಅವಳ ಕೈಯೊಳಗಿದ್ದ ಬೆರಳು ಒಂದು ಸಲ, ತಾಳ ಹಾಕುವ ಹಾಗೆ, ಅಲುಗಿತು. ಆಮೇಲೆ ಕೈಯನ್ನು ನಿಧಾನವಾಗಿ ಬಿಡಿಸಿಕೊಂಡ. ಅವಳ ಮಣಿಕಟ್ಟಿನ ಮೇಲೆ ಅವನ ಬೆರಳಿನಷ್ಟು ಅಗಲದ ಟಾರಿನ ಗುರುತು ಉಳಿಯಿತು.

"ಇಲ್ಲ ತಾಯಿ," ಎಂದ. "ನಾ ಬರಲ್ಲ. ಏಳಲ್ಲ."